ಹುಲಿ ಸವೆದ ಬಗೆ

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಮಳೆ ಹೊಡೆಯಿತು. ಬೊಂಬಾಯಿಯಲ್ಲಿ ಫುಟ್ಬಾಲ್ ಆಡುವುದೇ ಮಳೆಗಾಲದಲ್ಲಿ. ಆಟಗಾರರಾಗಲಿ ರೆಫ್ರಿಯಾಗಲಿ ತಲೆ ಎತ್ತಿ ಮೋಡ ನೋಡಲಿಲ್ಲ. ಗ್ಯಾಲರಿಯಲ್ಲಿ ಕೊಡೆ ಬಿಚ್ಚಿ ಕುಳಿತಿದ್ದ ನಳಿನಾಕ್ಷಿಯ ಕಣ್ಣು ಮೋಡದ ಮೇಲೂ ಇರಲಿಲ್ಲ, ಚೆಂಡಿನ ಮೇಲೂ ಇರಲಿಲ್ಲ. ಅವಳು ಆಟಗಾರರ ಎದೆ ನೋಡುತ್ತಿದ್ದಳು. ಗಂಡನ ಪಕ್ಕದಲ್ಲೇ ಕುಳಿತು ಹನ್ನೊಂದು ಗಂಡಸರ ಎದೆ ದಿಟ್ಟಿಸಲು ಅವಳಿಗೆ ಪೂರ್ತಿ ಹಕ್ಕಿತ್ತು. ಒಂದೊಂದು ಎದೆಯ ಮೇಲೂ ಒಂದೊಂದು ಹುಲಿ ಇತ್ತು. ಬಿಡಿಸಿದವನು ಗಂಡ ಕಮಲಾಕ್ಷ. ಅದಕ್ಕೆ ದಾರ ತುಂಬಿದವಳು ಇವಳು. ಡೊಂಬಿವಲಿಯ ಚಾಳಿನ ಜಗಲಿಯಲ್ಲಿ, ಮಧ್ಯಾಹ್ನದ ಬೆಳಕಿಗೆ ಮುಖ ಮಾಡಿ ಕುಳಿತು, ಇಡೀ ಒಂದು ಬೇಸಿಗೆ.

ಮೊದಲು ಸೆಂಟರ್ ಫಾರ್ವರ್ಡ್‌ನ ಹುಲಿಯಿಂದ ಒಂದು ಹಳದಿ ಗೆರೆ ಇಳಿಯಿತು. ಕೆಸರಿರಬೇಕು ಎಂದುಕೊಂಡಳು. ಆಮೇಲೆ ಅವನ ಪಕ್ಕದವನದು. ನೋಡುತ್ತ ನೋಡುತ್ತ ಹನ್ನೊಂದೂ ಹುಲಿಗಳ ಬಣ್ಣ ಹೊಟ್ಟೆ ದಾಟಿ, ಬಿಳೀ ಚಡ್ಡಿಗೆ ಇಳಿದು, ಇಳಿಯಬಾರದ ಜಾಗದಲ್ಲೇ ಹರಡಿ ನಿಂತಿತು. ಎದುರು ಬದಿಯ ಗ್ಯಾಲರಿಯಿಂದ ಯಾರೋ ಹಿಂದಿಯಲ್ಲಿ, ಅಯ್ಯೋ ಪಾಪ, ನಾವಿನ್ನೂ ಒಂದು ಗೋಲೂ ಹೊಡೆದಿಲ್ಲವಲ್ಲ, ಆಗಲೇ ಹೆದರಿ ಮಾಡಿಕೊಂಡರಾ ಎಂದು ಕೇಳಿದರು. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಗೋಲ್‌ಕೀಪರ್ ಒಮ್ಮೆ ಬಗ್ಗಿ ತನ್ನನ್ನು ತಾನು ನೋಡಿಕೊಂಡ. ಎರಡೂ ಕೈಯಿಂದ ಮುಂಭಾಗ ಮುಚ್ಚಿಕೊಂಡ. ಚೆಂಡು ಅವನ ತಲೆಯ ಮೇಲಿಂದ ಆರಾಮಾಗಿ ಒಳಗೆ ಹೋಯಿತು.

ಇದು ಎಪ್ಪತ್ತಾರನೇ ಇಸವಿಯ ಮಾತು. ಮಂದಾನಿಲ್ ಫ್ಯಾನ್ ಕಂಪನಿಯ ಲಾಂಛನ ಲೋಕಕ್ಕೆ ಮುಖ ತೋರಿಸಿದ ಮೊದಲ ದಿನ.

ವಾಪಸು ಬರುವ ಕಂಪನಿ ಬಸ್ಸಿನಲ್ಲಿ ಯಾರೂ ಇವರಿಬ್ಬರ ಪಕ್ಕ ಕೂರಲಿಲ್ಲ. ಠಾಣೆಯಲ್ಲಿ ಇಳಿದು ಲೋಕಲ್ ಹಿಡಿದ ಮೇಲೆ ನಳಿನಾಕ್ಷಿ ಬಾಯಿ ಬಿಟ್ಟಳು.

"ಅಂಗಡಿಯ ದಾರ ತನ್ನಿ ಅಂತ ನಾನು ಎಷ್ಟು ಬಡ್ಕೊಂಡೆ. ಕಲ್ಯಾಣ ಸ್ಟೇಷನ್ನಿನ ಕೈಗಾಡಿಯದ್ದೇ ಆಗಬೇಕಿತ್ತು ನಿಮಗೆ."

"ಅಂಗಡಿಯದ್ದು ಹಳದಿಯಾ ಮಾರಾಯ್ತಿ? ಅದು ಕಾಮಾಲೆ," ಎಂದ ಕಮಲಾಕ್ಷ. "ಹುಲಿಯ ಹಳದಿ ಕೈಗಾಡಿಯಲ್ಲೇ ಸಿಕ್ಕಿದ್ದು."

ಹುಲಿಯ ಹಳದಿ ಎಂದರೆ ಯಾವುದೆಂದು ಅವಳು ಕೇಳಲಿಲ್ಲ. ಅವಳಿಗೂ ಗೊತ್ತಿತ್ತು. ಗಂಡ ಹೆಂಡತಿ ಇಬ್ಬರೂ ಉಡುಪಿ ಕಡೆಯವರು. ಕೃಷ್ಣಾಷ್ಟಮಿಯ ಮರುದಿನ ಮೈಗೆಲ್ಲ ಬಣ್ಣ ಬಳಿದು, ಗೆಜ್ಜೆ ಕಟ್ಟಿ, ತಾಸೆ ಡೋಲಿನ ಹೊಡೆತಕ್ಕೆ ಕುಣಿಯುತ್ತ ಬೀದಿಯಲ್ಲಿ ಬರುವ ಹುಲಿವೇಷವೇ ಅವರ ಪಾಲಿಗೆ ಹುಲಿ. ಕಾಡಿನಲ್ಲಿ ಇನ್ನೊಂದು ಬಗೆಯದು ಉಂಟು ಎಂದು ಇಬ್ಬರೂ ಶಾಲೆಯಲ್ಲಿ ಓದಿದ್ದರು. ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಕಮಲಾಕ್ಷನ ಊರು ಕಾಪುವಿನ ಹತ್ತಿರದ ಪಾಂಗಾಳ. ಅವನ ಸೋದರಮಾವ ಆ ಸೀಮೆಯ ದೊಡ್ಡ ಹುಲಿ. ದೊಡ್ಡದೆಂದರೆ ಹೆಸರಿನಲ್ಲೂ ದೊಡ್ಡದು, ಹೊಟ್ಟೆಯಲ್ಲೂ ದೊಡ್ಡದು. ವರ್ಷವಿಡೀ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಮಾವ ಆ ಒಂದು ದಿನ ಹುಲಿಯಾಗಿ, ನೆಲದ ಮೇಲಿನ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಹಿಂದಕ್ಕೆ ಎಸೆಯುತ್ತಿದ್ದ. ಅವನಿಗೆ ಪಟ್ಟೆ ಬರೆಯುವ ಕೆಲಸ ಕಮಲಾಕ್ಷನದು. ಚಿತ್ರಕಲೆ ಅವನಿಗೆ ಹತ್ತಿದ್ದು ಹಾಗೆ, ಕಾಗದದ ಮೇಲಲ್ಲ, ಮಾವನ ಹೊಟ್ಟೆಯ ಮೇಲೆ.

ಡ್ರಾಯಿಂಗಿನ ಲೋವರ್ ಪರೀಕ್ಷೆ ಪಾಸು ಮಾಡಿಕೊಂಡು ಬೊಂಬಾಯಿಗೆ ಬಂದ. ಮೊದಲು ಸಿಕ್ಕಿದ್ದು ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ. ಬೆಳಿಗ್ಗೆ ಕಪ್ಪು ಹಲಗೆಯ ಮೇಲೆ ಆ ದಿನದ ತಿಂಡಿ ಬರೆಯುವುದು. ಇಡ್ಲಿ ಎಂಬ ಪುಟ್ಟ ಪದಕ್ಕೂ ಬಳ್ಳಿ, ಹೂವು, ಎರಡು ಕಡೆ ಗಿಳಿ ಸುತ್ತಿಸಿ ಅವನು ಎಷ್ಟು ಚೆಂದ ಬರೆಯುತ್ತಿದ್ದನೆಂದರೆ ಓದಲಾಗದೆ ಗಿರಾಕಿಗಳು ಮಾಣಿಯನ್ನು ಕರೆದು ತಿಂಡಿ ಏನುಂಟು ಎಂದು ಕೇಳುತ್ತಿದ್ದರು. ಅಲ್ಲಿಂದ ವಾಗಳೆ ಎಸ್ಟೇಟಿನ ಮಂದಾನಿಲ್ ಫ್ಯಾನ್ ಕಾರ್ಖಾನೆಗೆ ಬಂದ. ಪ್ಯಾಕಿಂಗ್ ಶೆಡ್ಡಿನಲ್ಲಿ ಮರದ ಪೆಟ್ಟಿಗೆಗಳ ಮೇಲೆ ತಗಡಿನ ಅಚ್ಚಿಟ್ಟು ಕರಿ ಬಣ್ಣ ಹೊಡೆಯುವುದು: ಒಂದು ಬಾಣ, ಒಂದು ಕೊಡೆ, ಒಂದು ಗ್ಲಾಸು, ಕೆಳಗೆ 'ಈ ಬದಿ ಮೇಲೆ'. ಊರಿನ ಪೆಟ್ಟಿಗೆಗಳಿಗೆಲ್ಲ ಮೇಲೆ ಯಾವುದೆಂದು ಹೇಳಿಕೊಟ್ಟು ನಾನು ಮಾತ್ರ ಕೆಳಗೇ ಉಳಿದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಇದಕ್ಕೆ ನಳಿನಾಕ್ಷಿ ನಕ್ಕಿದ್ದಳು.

ಮಿಲ್ಲುಗಳೂ ಬ್ಯಾಂಕುಗಳೂ ಸಂಬಳ ಕೊಟ್ಟು ಫುಟ್ಬಾಲ್ ತಂಡ ಸಾಕುತ್ತಿದ್ದ ಕಾಲ ಅದು. ಮಂದಾನಿಲ್ ಮಾಲೀಕರಿಗೂ ಆಸೆ ಹುಟ್ಟಿ, ಗೋವಾ, ಕೇರಳ, ಕಲ್ಕತ್ತಾಗಳಿಂದ ಆಟಗಾರರನ್ನು ಕರೆಸಿ, ಹಾಜರಿಯಲ್ಲಿ ಗುಮಾಸ್ತರೆಂದು ತೋರಿಸಿ, ಮೈದಾನಕ್ಕೆ ಬಿಟ್ಟರು. ಅವರು ಮೈದಾನದಲ್ಲೂ ಗುಮಾಸ್ತರಾಗೇ ಉಳಿದರು. ಚೆಂಡು ಬಂದರೆ ಪಕ್ಕದವನ ಟೇಬಲ್ಲಿಗೆ ಕಳಿಸುವುದು. ಫ್ಯಾನ್ ಕಂಪನಿಯಾದರೂ ತಂಡಕ್ಕೆ ಫ್ಯಾನುಗಳಿರಲಿಲ್ಲ. ಹೆಸರಿನ ಮೊದಲರ್ಧ ಮಂದ, ಕೊನೆಗೆ ನಿಲ್. ಆಟವೂ ಹಾಗೆಯೇ ಇತ್ತು.

ತಂಡಕ್ಕೊಂದು ಲಾಂಛನ ಬೇಕಾದಾಗ ಕ್ರೀಡಾ ಸಮಿತಿಯ ಕಾರ್ಯದರ್ಶಿ ಸಬ್ನೀಸ್ ಸಾಹೇಬರಿಗೆ ಪ್ಯಾಕಿಂಗ್ ಶೆಡ್ಡಿನ ಗೋಡೆಯ ಮೇಲೆ ಯಾರೋ ಬರೆದಿದ್ದ ಹುಲಿ ನೆನಪಾಯಿತು. ಕಮಲಾಕ್ಷನನ್ನು ಕರೆಸಿದರು. ಮಾಲೀಕರು ಹುಲಿಗೆ ಒಪ್ಪಿದ ದಿನ ಸಬ್ನೀಸ್ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ಕಮಲಾಕ್ಷ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಪ್ಪಿಸಿದ. ಲಾಂಛನ ಫೈನಲ್ ಆಗಲಿ, ನೀನೂ ಫೈನಲ್. ಅಂದರೆ ಪ್ಯಾಕಿಂಗ್ ಶೆಡ್ಡಿನಿಂದ ಮೇಲಿನ ಮಹಡಿಯ ಪ್ರಚಾರ ವಿಭಾಗಕ್ಕೆ. ಕಿಟಕಿ ಪಕ್ಕದ ಓರೆ ಮೇಜಿಗೆ. ಹಾಜರಿಯಲ್ಲಿ 'ಹೆಲ್ಪರ್' ಹೋಗಿ 'ಆರ್ಟಿಸ್ಟ್'.

ನಳಿನಾಕ್ಷಿ ಆ ಪದವನ್ನು ಅಲ್ಲೇ ಎತ್ತಿಕೊಂಡಳು. ಚಾಳಿನವರೆಲ್ಲ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವ ಪಕ್ಕದ ಕೋಣೆಯ ಊರ್ಮಿಳಾಗೆ ಹೇಳಿದಳು. ಊರಿಗೆ ಹೇಳಿದಳು. ಅವಳ ತಂಗಿಯ ಮದುವೆಯ ಕರೆಯೋಲೆಯಲ್ಲಿ ಅಪ್ಪ 'ಅಳಿಯ ಕಮಲಾಕ್ಷ, ಆರ್ಟಿಸ್ಟ್, ಬೊಂಬಾಯಿ' ಎಂದು ಅಚ್ಚು ಹಾಕಿಸಿಯೂ ಬಿಟ್ಟರು. ಇನ್ನು ಅವನು ಅದಾಗಲೇಬೇಕಿತ್ತು. ಅಚ್ಚಾದ ಪದವನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ಹಳದಿ ಇಳಿದ ಆ ಆಟದ ಮರುದಿನ ಸಬ್ನೀಸ್ ಸಾಹೇಬರು ಮೊದಲ ಬಾರಿ ಹುಲಿಯನ್ನು ಸರಿಯಾಗಿ ನೋಡಿದರು. ಹುಲಿ ಎರಡು ಕಾಲಿನ ಮೇಲೆ ನಿಂತಿತ್ತು. ಸೊಂಟದ ಕೆಳಗೆ ಸ್ವಲ್ಪ ಮಂಡಿ ಬಾಗಿಸಿತ್ತು. ಒಂದು ಕೈ ಮೇಲಕ್ಕೆತ್ತಿತ್ತು. ಕಾಲಿಗೆ ಗೆಜ್ಜೆ ಇತ್ತು. ಚೆಂಡು ಅದರ ಹಲ್ಲಿನ ನಡುವೆ ಇತ್ತು.

ಫುಟ್ಬಾಲಿನಲ್ಲಿ ಚೆಂಡನ್ನು ಕಚ್ಚಬಹುದೇ ಎಂದು ಅವರು ವಿಚಾರಿಸಿದರು. ಕಮಲಾಕ್ಷ ತಾಳ್ಮೆಯಿಂದ, ಹುಲಿ ಅಕ್ಕಿಮುಡಿಯನ್ನು ಹಾಗೇ ಎತ್ತುವುದು ಎಂದ. ಮುಡಿ ಎಂದರೇನೆಂದು ಹೇಳಬೇಕಾಯಿತು. ಹುಲ್ಲಿನ ಹಗ್ಗದಲ್ಲಿ ಸುತ್ತಿ ಕಟ್ಟಿದ ಅಕ್ಕಿ, ಉರುಟಾಗಿ ದೊಡ್ಡ ಚೆಂಡಿನ ಹಾಗೇ ಇರುತ್ತದೆ ಎಂದ. ಹುಲಿ ಯಾಕೆ ಅಕ್ಕಿ ಎತ್ತಬೇಕು ಎಂದು ಅವರು ಕೇಳಿದರು. ನಮ್ಮ ಕಡೆಯದು ಎತ್ತುತ್ತದೆ ಎಂದ.

"ಅದು ಹುಲಿಯೋ, ಹಮಾಲನೋ?" ಎಂದರು ಸಬ್ನೀಸ್.

ಈ ಮಾತನ್ನು ಅವನು ಮನೆಯಲ್ಲಿ ಹೇಳಿದಾಗ ನಳಿನಾಕ್ಷಿಗೆ ಸಬ್ನೀಸರ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ಜಾಸ್ತಿ. ಆ ಗೆಜ್ಜೆ ಅವಳದೇ ಕೆಲಸ. ಗಂಡ ಬರೆಯಲು ಮರೆತಿದ್ದ. ಗೆಜ್ಜೆ ಇಲ್ಲದೆ ಹುಲಿ ಕಾಲು ಬೋಳು ಬೋಳು ಕಾಣುತ್ತದಲ್ಲ ಎಂದು ಇವಳೇ ಹಾಕಿದ್ದಳು.

ಭಾನುವಾರ ಮಗಳನ್ನೂ ಕಟ್ಟಿಕೊಂಡು ರಾಣಿಬಾಗಿನ ಮೃಗಾಲಯಕ್ಕೆ ಹೋಗಿ ಗಂಡ ಹೆಂಡತಿ ನಿಜವಾದ ಹುಲಿ ನೋಡಿದರು. ಅದು ಇವರಿಗೆ ಬೆನ್ನು ಹಾಕಿ ಮಲಗಿತ್ತು. ಕಮಲಾಕ್ಷ ಸರಳು ಹಿಡಿದು ತುಂಬ ಹೊತ್ತು ನಿಂತ. ಕೊನೆಗೆ, ಇದಕ್ಕೆ ಅಭಿನಯವೇ ಇಲ್ಲ ಎಂದು ಬೇಸರಪಟ್ಟು ವಾಪಸು ಹೊರಟ.

ಮುಂದಿನ ವರ್ಷ ಹುಲಿ ಬದಲಾಯಿತು. ಹಳದಿ ಹೋಯಿತು, ಗೆಜ್ಜೆ ಹೋಯಿತು, ಚೆಂಡು ಬಾಯಿಂದ ಇಳಿದು ಕಾಲ ಬುಡಕ್ಕೆ ಬಂತು. ಬಿಳಿಯ ಮೇಲೆ ಕಪ್ಪು ಪಟ್ಟೆ ಮಾತ್ರ. ಮಗಳು ಚಂಪಾ ನೋಡಿ ಮರಾಠಿಯಲ್ಲಿ, ಇದು ಕುದುರೆಯಾ ಎಂದು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ತುಳುವಿನಲ್ಲಿ ಬೈದರೂ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮರಾಠಿಯಲ್ಲೇ.

ಹೊಟ್ಟೆ ಹಾಗೇ ಇತ್ತು. ಮಾವನ ಹೊಟ್ಟೆಯನ್ನು ಮುಟ್ಟಲು ಕಮಲಾಕ್ಷನ ಕೈ ಬರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಇನ್ನೊಂದು ಅಂಥದೇ ಹೊಟ್ಟೆ ಇತ್ತು, ವರ್ಕ್ಸ್ ಮ್ಯಾನೇಜರದು. ಮೀಸೆಯೂ ಹೊಂದುತ್ತಿತ್ತು. ಮಂಡಿ ಬಾಗಿಸಿ ನಿಲ್ಲುವ ಭಂಗಿ ಅವರು ಶಿಫ್ಟಿನ ಕೊನೆಗೆ ಗೇಟಿನಲ್ಲಿ ನಿಲ್ಲುವ ಭಂಗಿಯೇ. ಕೆಲಸಗಾರರು ಜರ್ಸಿ ಕಂಡಾಗಲೆಲ್ಲ ಸಲಾಂ ಹೊಡೆಯತೊಡಗಿದರು. ಒಂದು ದಿನ ವರ್ಕ್ಸ್ ಮ್ಯಾನೇಜರು ಸ್ವತಃ ಜರ್ಸಿಯೊಂದನ್ನು ತರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರಂತೆ. ಸಂಜೆಯೊಳಗೆ ಹುಲಿಯನ್ನು ಎದೆಯಿಂದ ಮೇಲಕ್ಕೆ ಮಾತ್ರ ಇಡಬೇಕೆಂಬ ಹುಕುಂ ಬಂತು.

ಹುಕುಂ ತರುತ್ತಿದ್ದವನು ಸೈದಪ್ಪ. ಯಾದಗಿರಿ ಕಡೆಯವನು, ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದು ಕೋಣೆಯಲ್ಲಿ ನಾಲ್ಕು ಜನರ ಜೊತೆ ಇದ್ದ. ಪ್ಯಾಕಿಂಗ್ ಶೆಡ್ಡಿನಲ್ಲಿ ಪೆಟ್ಟಿಗೆ ಹೊರುವುದು ಅವನ ಕೆಲಸ. ತಂಡದ ಟ್ರಂಕು ನೋಡಿಕೊಳ್ಳುವುದನ್ನೂ ಅವನ ತಲೆಗೇ ಕಟ್ಟಿದ್ದರು. ಪ್ರತಿ ಬದಲಾವಣೆಗೂ ಜರ್ಸಿಗಳ ಗಂಟು ಹೊತ್ತು ಡೊಂಬಿವಲಿಗೆ ಬಂದು, ಹೊಸ್ತಿಲ ಹೊರಗೇ ಕುಳಿತು, ಚಹಾ ಬರುವವರೆಗೆ ಸುದ್ದಿ ಹೇಳುತ್ತಿರಲಿಲ್ಲ. ಚಹಾ ಕುಡಿದ ಮೇಲೆ ಹೇಳುತ್ತಿದ್ದ, ಅಕ್ಕಾರ, ಹೊಟ್ಟಿ ತಗದಾರ್ರಿ.

ನಳಿನಾಕ್ಷಿ ಹಳೆಯದನ್ನು ಬಿಚ್ಚಿ ಹೊಸದನ್ನು ಹೊಲಿದಳು. ಸಬ್ನೀಸ್ ಸಾಹೇಬರು ಏನಂದರು ಎಂದು ಗಂಡನನ್ನು ಕೇಳಿದರೆ, ಇದು ಫೈನಲ್ ಆಗಲಿ ಅಂದಿದ್ದಾರೆ ಎನ್ನುತ್ತಿದ್ದ.

ಅರ್ಧ ಹುಲಿ ಎರಡು ಮಳೆಗಾಲ ಬದುಕಿತು. ಎಂಬತ್ತರ ಚುನಾವಣೆ ಹತ್ತಿರ ಬಂತು. ಠಾಣೆಯ ಗೋಡೆಗಳ ಮೇಲೆ ಆಗಲೇ ಬೇರೊಂದು ಹುಲಿ, ಒಂದು ಪಕ್ಷದ್ದು, ಬಾಯಿ ತೆರೆದು ಕುಳಿತಿತ್ತು. ಅದಕ್ಕೆ ಅದರದೇ ಜನ, ಅದರದೇ ಗರ್ಜನೆ. ಕಾರ್ಖಾನೆಯ ಒಂದು ಯೂನಿಯನ್ನಿನವರು, ಕಂಪನಿಯ ಎದೆಯ ಮೇಲೆ ನಮ್ಮ ಹುಲಿ ಬಂತು ಎಂದು ಪೇಡಾ ಹಂಚಿದರು. ಇನ್ನೊಂದು ಯೂನಿಯನ್ನಿನವರು ಹಾಗಿದ್ದರೆ ಸರಿ ಎಂದು ಗೇಟಿನಲ್ಲಿ ಧರಣಿ ಕುಳಿತರು. ಪಾಂಗಾಳದ ಮಾವನಿಗೆ ಬೊಂಬಾಯಿಯ ರಾಜಕೀಯ ಸುತ್ತಿಕೊಂಡಿತು. ಸಬ್ನೀಸ್ ಹುಲಿಯ ಮುಖ ತೆಗೆಸಿದರು. ಉಳಿದದ್ದು ಮೇಲಕ್ಕೆತ್ತಿದ್ದ ಒಂದು ಪಂಜ.

ಹುಲಿಯ ಪಂಜಕ್ಕೆ ಎಷ್ಟು ಬೆರಳಿರುತ್ತದೋ ಕಮಲಾಕ್ಷನಿಗೆ ಗೊತ್ತಿರಲಿಲ್ಲ. ಮಾವನಿಗೆ ಐದಿದ್ದವು, ಐದನ್ನೇ ಬರೆದ. ಅಂಗೈ ಮುಂದೆ ಮಾಡಿ, ಬೆರಳು ಜೋಡಿಸಿ ಎತ್ತಿದ ಕೈ. ಗೋಡೆಗಳ ಮೇಲೆ ಅದೂ ಇತ್ತು, ಎದುರು ಪಕ್ಷದ ಚಿಹ್ನೆಯಾಗಿ, ಓಟು ಕೊಡಿ ಎಂಬ ಬರಹದ ಜೊತೆ. ಈಗ ಪೇಡಾ ಹಂಚುವ ಸರದಿ ಎರಡನೇ ಯೂನಿಯನ್ನಿನದು, ಗೇಟಿನಲ್ಲಿ ಕೂರುವ ಸರದಿ ಮೊದಲನೆಯದರದು. ಹುಲಿ ಹೋಗಿ ಕೈ ಬಂತು, ಕೈಯೂ ಕೈಕೊಟ್ಟಿತು.

ಗಂಟು ಹೊತ್ತು ಬಂದ ಸೈದಪ್ಪ ಆ ಸಲ ಚಹಾಕ್ಕೂ ಕಾಯಲಿಲ್ಲ.

"ಏನ್ ಹೇಳ್ಲಿ ಅಕ್ಕಾರ. ನಮ್ಮ ಕಡಿ ಹುಲಿ ಮನಷ್ಯಾರ್ನ ತಿಂತದ ಅಂತಾರ. ಇಲ್ಲಿ ಮನಷ್ಯಾರೇ ಕೂಡಿ ಹುಲೀನ್ನ ತಿನ್ಲಿಕತ್ತಾರ್ರಿ."

"ಇನ್ನೆಂತ ಉಳಿದಿದೆ ತಿನ್ನಲಿಕ್ಕೆ?" ಎಂದಳು ನಳಿನಾಕ್ಷಿ.

"ಬಾಲ ಅದಲ್ರಿ."

ಮೊದಲ ಹುಲಿಯ ಬಾಲ ಇತ್ತು. ಅದೊಂದು ಮಾವನದಾಗಿರಲಿಲ್ಲ, ಬಟ್ಟೆಯದು, ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದದ್ದು. ಕೈ ಹೋಗಿ ಹೊಸ ಲಾಂಛನ ಅದೇ ಆಯಿತು: ಮೇಲಕ್ಕೆದ್ದು ಬಾಗಿದ ಒಂದು ಬಾಲ, ಅದರ ಬುಡದಲ್ಲಿ ಒಂದು ಚೆಂಡು. ಕಮಲಾಕ್ಷ ಆ ಬಾಲದ ಮೇಲೆ ತನ್ನಲ್ಲಿದ್ದದ್ದನ್ನೆಲ್ಲ ಸುರಿದ. ಒಂದೊಂದು ಕೂದಲು ಕಾಣುವಂತೆ ಬರೆದ. ನಳಿನಾಕ್ಷಿ ದಾರದ ಎಳೆ ಬಿಡಿಸಿ ಬಿಡಿಸಿ, ಕಣ್ಣಲ್ಲಿ ನೀರು ಬರುವ ತನಕ ಹೊಲಿದಳು. ಜಗಳವೂ ಆಯಿತು. ಪ್ರತಿ ಸಲ ಅವರು ಹೇಳಿದ್ದಕ್ಕೆ ತಲೆಯಾಡಿಸಿ ಬರುತ್ತೀರಲ್ಲ, ಒಮ್ಮೆಯಾದರೂ ಆಗುವುದಿಲ್ಲ ಎನ್ನಬಾರದೇ ಎಂದು ಅವಳು ಕೇಳಿದ್ದಕ್ಕೆ, ಆಗುವುದಿಲ್ಲ ಅಂದರೆ ಆರ್ಟಿಸ್ಟ್ ಆಗುವುದು ಹೇಗೆ ಎಂದು ಅವನು ಕೇಳಿದ. ಆ ಸಿಟ್ಟಿಗೆ ಅವತ್ತಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಬಾಲದ ಲಾಂಛನ ತೊಟ್ಟು ತಂಡ ಸತತವಾಗಿ ಸೋತಿತು. ಸೋಲು ಹೊಸದೇನಲ್ಲ. ಆದರೆ ಆ ವರ್ಷ ಸೋಲಿಗೆ ಕಾರಣ ಹುಡುಕಲು ಸಮಿತಿ ಕೂತಿತು. ಸಬ್ನೀಸ್ ಜರ್ಸಿಯನ್ನು ಮೇಜಿನ ಮೇಲೆ ಹರಡಿ ಎಲ್ಲರಿಗೂ ತೋರಿಸಿದರು. ಮೇಲೆ ಬಾಗಿದ ಬಾಲ, ಕೆಳಗೆ ಚೆಂಡು: ಇದು ಪ್ರಶ್ನಾರ್ಥಕ ಚಿಹ್ನೆ ಅಲ್ಲದೆ ಇನ್ನೇನು? ನಾವು ಗೆಲ್ಲುತ್ತೇವೋ ಎಂದು ನಮ್ಮ ತಂಡವೇ ಎದೆಯ ಮೇಲೆ ಬರೆದುಕೊಂಡು ಓಡುತ್ತಿದೆ ಎಂದರು. ಸಮಿತಿ ನೋಡಿತು. ಒಮ್ಮೆ ಹಾಗೆ ಕಂಡ ಮೇಲೆ ಮತ್ತೆ ಬಾಲವಾಗಿ ಕಾಣುವ ದಾರಿಯೇ ಇರಲಿಲ್ಲ. ಮನೆಯಲ್ಲಿ ನಳಿನಾಕ್ಷಿಯೂ ನೋಡಿದಳು. ಅವಳಿಗೂ ಹಾಗೇ ಕಂಡಿತು. ಅದು ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸಿತು.

ಬಾಲ ಹೋಗಿ ಚೆಂಡು ಉಳಿಯಿತು. ಚೆಂಡಿನ ಮೇಲೆ ಚರ್ಮದ ತುಂಡುಗಳ ಗೆರೆಗಳಿದ್ದವು. ಮನೆ ಮನೆಗೆ ಟೀವಿ ಬಂದಿದ್ದ ಸಮಯ. ತಂಡ ಎಂದಾದರೂ ಟೀವಿಯಲ್ಲಿ ಬಂದರೆ ಇಷ್ಟು ಸಣ್ಣ ಗೆರೆ ಕಲಸಿಹೋಗುತ್ತದೆ ಎಂದು ಯಾರೋ ಅಂದರು. ತಂಡ ಟೀವಿಯಲ್ಲಿ ಬರಲಿಲ್ಲ, ಗೆರೆಗಳು ಹೋದವು. ಎಂಬತ್ನಾಲ್ಕರ ಹೊತ್ತಿಗೆ ಮಂದಾನಿಲ್ ಎದೆಯ ಮೇಲೆ ಇದ್ದದ್ದು ಒಂದು ನೀಲಿ ಗೋಲ. ಅಷ್ಟೇ. ನಳಿನಾಕ್ಷಿ ಅದನ್ನು ಮಾತಾಡುತ್ತ, ಬೀದಿ ನೋಡುತ್ತ, ಒಲೆಯ ಮೇಲಿನ ಹಾಲಿನ ಕಡೆ ಕಿವಿಯಿಟ್ಟು ಹೊಲಿಯಬಲ್ಲವಳಾದಳು. ಅವಳಿಗೆ ಒಂದು ಸಮಾಧಾನವಿತ್ತು. ಗೋಲದಿಂದ ಇನ್ನು ತೆಗೆಯಲು ಏನೂ ಇಲ್ಲ. ಅಂದರೆ ಇದು ಫೈನಲ್.

ಸಂಕ್ರಾಂತಿಯ ಅರಸಿನ ಕುಂಕುಮಕ್ಕೆ ಸಬ್ನೀಸರ ಹೆಂಡತಿ ಕರೆದಾಗ ಅವಳು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದಳು. ಅವರ ಒಂದೆರಡು ರವಿಕೆಗಳಿಗೆ ಕಸೂತಿ ಹಾಕಿ ಕೊಟ್ಟಿದ್ದರಿಂದ ಬಂದ ಕರೆ ಅದು. ಠಾಣೆಯ ನೌಪಾಡಾದಲ್ಲಿ ಮನೆ, ನೆಲಕ್ಕೆ ಮೊಸಾಯಿಕ್ಕು. ಹಣೆಗೆ ಕುಂಕುಮ ಇಟ್ಟ ಆಕೆ ಕೈಗೆ ಎಳ್ಳುಂಡೆ ಕೊಟ್ಟು, ಸಿಹಿ ತಿಂದು ಸಿಹಿ ಮಾತಾಡಿ ಎಂದು ವಾಡಿಕೆಯಂತೆ ಹೇಳಿದರು. ನಳಿನಾಕ್ಷಿ ತನಗೆ ಬರುವ ಮರಾಠಿಯಲ್ಲಿ ಸಾಧ್ಯವಾದಷ್ಟು ಸಿಹಿಯಾಗಿ, ಲಾಂಛನವಂತೂ ಫೈನಲ್ ಆಯಿತಲ್ಲ ವಹಿನಿ, ಇನ್ನು ನಮ್ಮವರ ಆರ್ಟಿಸ್ಟ್ ಕೆಲಸದ ಬಗ್ಗೆ ಸಾಹೇಬರ ಕಿವಿಯಲ್ಲಿ ಒಂದು ಮಾತು ಹಾಕಿ ಎಂದಳು. ಆಕೆ ಕೆಟ್ಟವರಲ್ಲ. ಗಂಡನ ಜೊತೆ ಆಗಲೇ ಆ ಮಾತಾಡಿದ್ದರಂತೆ.

"ಅವರೂ ಯೋಚನೆ ಮಾಡಿದರಮ್ಮ," ಎಂದರು. "ಆದರೆ ನೀವೇ ಹೇಳಿ, ಒಂದು ಗೋಲ ಬರೆಯಲು ಆರ್ಟಿಸ್ಟ್ ಯಾಕೆ ಬೇಕು?"

ಹೊರಡುವಾಗ ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಪ್ಲಾಸ್ಟಿಕ್ಕಿನ ಚಹಾ ಸೋಸುವ ಜರಡಿಯೊಂದನ್ನು ಕೊಟ್ಟರು. ಕಳವಾ, ಮುಂಬ್ರಾ ದಾಟಿ ಡೊಂಬಿವಲಿ ಬರುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಎಂಟು ವರ್ಷದ ಹೊಲಿಗೆ. ಸೋಸಿ ಸೋಸಿ ಕೊನೆಗೆ ಕೈಗೆ ಬಂದದ್ದು ಜರಡಿ.

ಕಮಲಾಕ್ಷನಿಗೆ ಹೇಳಿದಳು. ಅವನು ಕೂಗಾಡುತ್ತಾನೆ, ನಾಳೆಯೇ ಸಬ್ನೀಸರ ಮೇಜಿನ ಮುಂದೆ ನಿಲ್ಲುತ್ತಾನೆ ಎಂದುಕೊಂಡಿದ್ದಳು. ಅವನು ಜರಡಿಯನ್ನು ತಿರುಗಿಸಿ ನೋಡಿ, ಒಳ್ಳೆಯದೇ ಉಂಟಲ್ಲ ಎಂದ.

ಗೋಲದ ವರ್ಷಗಳಲ್ಲಿ ಅವನು ಬದಲಾದ. ಶೆಡ್ಡಿನ ಗೋಡೆಯ ಮೇಲೆ ಬರೆಯುವುದನ್ನು ಬಿಟ್ಟ. ಶಿಫ್ಟು ಮುಗಿಯುತ್ತಲೇ ಹೊರಟು ಐದೂ ಹದಿನೆಂಟರ ಗಾಡಿ ಹಿಡಿದು ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದ. ಆ ಲೋಕಲ್ಲಿನ ಡಬ್ಬಿಯಲ್ಲಿ ಭಜನೆ ಹಾಡುತ್ತ ಹೋಗುವವರ ಪರಿಚಯವಾಗಿ ತಾಳ ಹಾಕುವುದನ್ನು ಕಲಿತ. ಮನೆಗೆ ಬಂದು ಕಾಲು ಚಾಚಿ ಕುಳಿತು ಪಕ್ಕದ ಮನೆಯ ಟೀವಿ ಕೇಳುತ್ತಿದ್ದ. ಊರಿನಿಂದ ಯಾರಾದರೂ ಬಂದು, ಆರ್ಟಿಸ್ಟ್ ಭಾವ ಹೇಗಿದ್ದೀರಿ ಎಂದರೆ ಸುಮ್ಮನೆ ನಗುತ್ತಿದ್ದ. ಉರಿಯುತ್ತಿದ್ದವಳು ನಳಿನಾಕ್ಷಿ. ಇಬ್ಬರ ಪಾಲಿನ ಸಿಟ್ಟನ್ನೂ ತಾನೊಬ್ಬಳೇ ಮಾಡಬೇಕಾಗಿ ಬಂದಿದೆಯಲ್ಲ ಎಂಬುದಕ್ಕೆ ಬೇರೆಯೇ ಒಂದು ಸಿಟ್ಟು ಅವಳಿಗೆ.

ಎಂಬತ್ತೇಳರಲ್ಲಿ ಕಂಪನಿಗೆ ಇಪ್ಪತ್ತೈದು ತುಂಬಿತು. ಆ ಹೊತ್ತಿಗೆ ಮಾಲೀಕರ ಅಳಿಯ ಎಂಡಿ ಆಗಿ ಕುಳಿತಿದ್ದರು. ಹೊಸಬರು, ಹಳೆಯದೆಂದರೆ ಪ್ರೀತಿ. ರಜತೋತ್ಸವಕ್ಕೆ ಏನಾದರೂ ಹಳೆಯದು ಸಿಗುತ್ತದೋ ಎಂದು ಕಾರ್ಖಾನೆಯಲ್ಲಿ ಹುಡುಕಿಸಿದಾಗ ಸೈದಪ್ಪ ತನ್ನ ಟ್ರಂಕು ತೆರೆದ. ಅದರೊಳಗೆ ನುಸಿಗುಳಿಗೆಯ ವಾಸನೆಯ ನಡುವೆ ಅಷ್ಟೂ ಜರ್ಸಿಗಳಿದ್ದವು, ಬಿಚ್ಚಲು ಕೊಡದೆ ಬಗೆಗೊಂದರಂತೆ ಉಳಿಸಿಕೊಂಡದ್ದು. ಯಾರೂ ಎಸೆ ಅಂದಿರಲಿಲ್ಲ, ಅವನು ಎಸೆದಿರಲಿಲ್ಲ. ಹೊಸ ಎಂಡಿ ಮೊದಲ ಹುಲಿಯನ್ನು ಕೈಯಲ್ಲಿ ಹಿಡಿದು, ಇದನ್ನು ಯಾರು ಬರೆದದ್ದು, ಇದನ್ನು ಯಾವ ಪುಣ್ಯಾತ್ಮ ತೆಗೆಸಿದ್ದು ಎಂದು ಕೇಳಿದರಂತೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪಕ್ಕದಲ್ಲೇ ನಿಂತು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಇದಿಷ್ಟನ್ನೂ ಸೈದಪ್ಪ ಅದೇ ಸಂಜೆ ಡೊಂಬಿವಲಿಗೆ ಬಂದು, ಈ ಸಲ ಹೊಸ್ತಿಲ ಒಳಗೆ ಕುಳಿತು ಹೇಳಿದ.

ಸಮಾರಂಭಕ್ಕೆ ಮನೆಯವರನ್ನೂ ಕರೆದಿದ್ದರು. ನಳಿನಾಕ್ಷಿ ಮದುವೆಯ ಸೀರೆ ಉಟ್ಟು, ಊರ್ಮಿಳಾ ವಹಿನಿಯಿಂದ ಗಜರೆ ಮುಡಿಸಿಕೊಂಡು, ಎರಡನೇ ಸಾಲಿನಲ್ಲಿ ಕುಳಿತಳು. ವೇದಿಕೆಯ ಮೇಲೆ ಉದ್ದನೆಯ ಹಲಗೆಗೆ ಲಾಂಛನಗಳನ್ನು ಸಾಲಾಗಿ ಸಿಕ್ಕಿಸಿದ್ದರು. ಒಂದು ತುದಿಯಲ್ಲಿ ಹಳದಿ ಹುಲಿ, ಬಣ್ಣ ಇಳಿದು ಅರಸಿನ ನೀರಿನ ಹಾಗಾಗಿದ್ದರೂ ಚೆಂಡನ್ನು ಕಚ್ಚಿಕೊಂಡೇ ಇತ್ತು. ಇನ್ನೊಂದು ತುದಿಯಲ್ಲಿ ಗೋಲ. ನಡುವೆ ಹೊಟ್ಟೆ, ಮುಖ, ಕೈ, ಬಾಲ ಒಂದೊಂದಾಗಿ ಕಳೆದುಹೋದದ್ದು. ಅದನ್ನು ಒಟ್ಟಿಗೆ ಅವಳು ನೋಡಿದ್ದು ಅವತ್ತೇ. ತನ್ನ ಬೆರಳುಗಳ ಮೇಲೆ ಸೂಜಿ ಹೋದ ಜಾಗಗಳನ್ನು ಹೆಬ್ಬೆರಳಿನಿಂದ ಸವರಿಕೊಂಡಳು.

ಎಂಡಿ ಹಿಂದಿಯಲ್ಲಿ ಮಾತಾಡಿದರು. ಕಮಲಾಕ್ಷನನ್ನು ಮೇಲೆ ಕರೆಸಿ, ಶಾಲು ಹೊದಿಸಿ, ಜನರ ಕಡೆ ತಿರುಗಿಸಿ ನಿಲ್ಲಿಸಿದರು. ಹತ್ತು ವರ್ಷ ಈ ಮನುಷ್ಯನ ಕೈಯಿಂದ ನಾವು ಕಸಿಯುತ್ತಲೇ ಬಂದೆವು, ಇವತ್ತು ಆಯ್ಕೆ ಅವನದು ಎಂದರು. ಇವುಗಳಲ್ಲಿ ಅವನು ಯಾವುದನ್ನು ಮುಟ್ಟುತ್ತಾನೋ ಅದೇ ಇನ್ನು ಮುಂದೆ ಜರ್ಸಿಯ ಮೇಲೆ, ಫ್ಯಾನಿನ ಡಬ್ಬಿಯ ಮೇಲೆ, ಕಾರ್ಖಾನೆಯ ಗೇಟಿನ ಮೇಲೆ. ಇನ್ನು ಯಾವ ಸಮಿತಿಯೂ ಅದನ್ನು ಮುಟ್ಟುವಂತಿಲ್ಲ. ಹುಲಿಯೇ ಆದರೆ, ಎಂದು ಅವರು ನಕ್ಕು, ಇಷ್ಟು ಕಡೆ ಹುಲಿ ಬರೆಯಲು ಮೇಲಿನ ಮಹಡಿಯಲ್ಲಿ ಒಬ್ಬ ಆರ್ಟಿಸ್ಟ್ ಬೇಕೇ ಬೇಕಾಗುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಸೈದಪ್ಪ, ಹುಲಿ ಮುಟ್ರಿ ಅಣ್ಣಾರ ಎಂದು ಕನ್ನಡದಲ್ಲೇ ಹೇಳಿದ್ದು ನಳಿನಾಕ್ಷಿಗೆ ಕೇಳಿಸಿತು. ಅವಳ ಪಕ್ಕದಲ್ಲಿ ಕುಳಿತಿದ್ದ ಸಬ್ನೀಸರ ಹೆಂಡತಿ ಅವಳ ಕೈ ಅದುಮಿದರು.

ಕಮಲಾಕ್ಷ ಹುಲಿಯ ಮುಂದೆ ಹೋಗಿ ನಿಂತ. ಕೈ ಎತ್ತಿದ. ಅವನು ಹುಲಿಯ ಕಿವಿಯ ಹತ್ತಿರ ಎದ್ದಿದ್ದ ಒಂದು ದಾರದ ತುದಿಯನ್ನು ಒತ್ತಿ ಸರಿಮಾಡಿ, ಹಾಗೇ ಹಲಗೆಯ ಉದ್ದಕ್ಕೂ ನಡೆದು, ಕೊನೆಯ ಗೋಲದ ಮೇಲೆ ಬೆರಳಿಟ್ಟ.

ಸಭೆ ಗುಸುಗುಟ್ಟಿತು. ಎಂಡಿಗೆ ಅವನು ತಪ್ಪು ತಿಳಿದಿದ್ದಾನೆ ಅನ್ನಿಸಿರಬೇಕು. ಇನ್ನೊಮ್ಮೆ ನಿಧಾನವಾಗಿ ವಿವರಿಸಿದರು. ಕಮಲಾಕ್ಷ ತಲೆಯಾಡಿಸಿದ, ಅರ್ಥವಾಗಿದೆ ಎಂಬಂತೆ. ಬೆರಳು ತೆಗೆಯಲಿಲ್ಲ.

"ಇಷ್ಟು ಚೆಂದದ ಹುಲಿ ಬಿಟ್ಟು ಇದು ಯಾಕೆ?" ಎಂದು ಎಂಡಿ ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು.

ಕಮಲಾಕ್ಷ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಹುಲಿ ಬರೆಯುತ್ತ ಕೂತರೆ ಐದೂ ಹದಿನೆಂಟರ ಗಾಡಿ ತಪ್ಪುತ್ತದೆ, ಸಾಹೇಬ್ರೆ."